ಹಾರಾಟದ ಪಾಠವನ್ನು ತಿದ್ದುವ ಯಂತ್ರ

ಪೀಠಿಕೆ

ಕಳೆದ ಬೇಸಗೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆದ ವಾರದಲ್ಲಿ, ಆವನಿಯಿಂದ ಬರುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಡಿಸಿದ ಕಾಗದವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ರಜೆಯಲ್ಲಿ ಆಕೆಯು ಬೆಂಗಳೂರಿನ ಚಿಕ್ಕಪ್ಪನ ಮನೆಗೆ ಹೋಗಿದ್ದಳು. ಅಲ್ಲಿ ಅಣ್ಣನ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಸಿಮ್ಯುಲೇಟರ್ ಒಂದಿದ್ದಿತು. ಅದರಲ್ಲಿ ಒಂದು ಪಾಠವನ್ನು ಮಾಡಿ ಮುಗಿಸಿದ ಮೇಲೆ ಯಂತ್ರವು ತಾನಾಗಿಯೇ ಆಕೆಯ ಹಾರಾಟವನ್ನು ಪರೀಕ್ಷಿಸಿ ಅಂಕಪಟ್ಟಿಯನ್ನು ಕೊಟ್ಟಿತ್ತು. ಅಣ್ಣನು ಅದನ್ನು ಅಚ್ಚುಮಾಡಿ ಕೊಟ್ಟಿದ್ದನು. ಕಾಗದದ ತಲೆಯಲ್ಲಿ 100ಕ್ಕೆ 61 ಎಂದಿತ್ತು. ಕೆಳಗೆ ಒಂದು ವಕ್ರರೇಖೆಯ ನಕ್ಷೆ. ಅದರ ಕೆಳಗೆ ಪಾಠವನ್ನು ಪುನಃ ಅಭ್ಯಾಸ ಮಾಡಬೇಕೆಂಬ ಸೂಚನೆ.

"ಟೀಚರ್, ಪೈಲಟ್ ಆಗುವುದಕ್ಕೆ ನನಗೆ ಯೋಗ್ಯತೆಯಿಲ್ಲವೆಂದು ಯಂತ್ರವೇ ಹೇಳಿಬಿಟ್ಟಿತು" ಎಂದಳು.

ಆ ಮಾತು ನನ್ನ ಮನಸ್ಸಿನಲ್ಲಿ ಬಹಳ ಹೊತ್ತು ನಿಂತಿತು. ಯಂತ್ರವು ಹೇಳಿದ್ದು 61 ಎಂಬ ಸಂಖ್ಯೆಯನ್ನು ಮಾತ್ರ. ಯೋಗ್ಯತೆಯ ಮಾತನ್ನು ಹುಡುಗಿಯೇ ಸೇರಿಸಿಕೊಂಡಿದ್ದಳು. ಒಂದು ಸಂಖ್ಯೆಯು ಎಲ್ಲಿಂದ ಹುಟ್ಟಿತು, ಏನನ್ನು ಅಳೆಯಿತು, ಏನನ್ನು ಅಳೆಯಲಿಲ್ಲ ಎಂಬುದನ್ನು ತಿಳಿಯದೆ ಅದಕ್ಕೆ ಹೆದರುವುದೂ ತಪ್ಪು, ಅದರಿಂದ ಹಿಗ್ಗುವುದೂ ತಪ್ಪು. ಇನ್ನು ಮುಂದೆ ವಿಮಾನವಿದ್ಯೆಯಲ್ಲಿ ಮಾತ್ರವಲ್ಲದೆ ಇತರ ಅನೇಕ ವಿದ್ಯೆಗಳಲ್ಲಿಯೂ ಯಂತ್ರವು ನಿಮ್ಮ ಪಾಠವನ್ನು ತಿದ್ದುವುದು. ಆದಕಾರಣ ಆ ತಿದ್ದುವಿಕೆಯನ್ನು ಓದುವ ಬಗೆಯನ್ನು ಈ ಲೇಖನದಲ್ಲಿ ಸ್ವಲ್ಪ ವಿಚಾರಿಸೋಣ.

1. ಅನುಕರಣ ಯಂತ್ರದ ಹುಟ್ಟು

ಸಿಮ್ಯುಲೇಟರ್ ಎಂದರೆ ನೆಲದ ಮೇಲೆಯೇ ನಿಂತು ಹಾರಾಟವನ್ನು ಅನುಕರಿಸುವ ಯಂತ್ರ. ಇದರ ಮೂಲಪುರುಷನು ಅಮೆರಿಕ ದೇಶದ ಬಿಂಗ್‌ಹ್ಯಾಂಟನ್ ನಗರದ ಎಡ್ವಿನ್ ಲಿಂಕ್ ಎಂಬಾತನು. ಆತನ ತಂದೆಯ ಕಾರ್ಖಾನೆಯಲ್ಲಿ ಪಿಯಾನೋ ಮತ್ತು ಆರ್ಗನ್ ವಾದ್ಯಗಳು ತಯಾರಾಗುತ್ತಿದ್ದುವು. ವಾದ್ಯಕ್ಕೆ ಗಾಳಿಯನ್ನು ಊದುವ ತಿದಿಗಳನ್ನೇ ಉಪಯೋಗಿಸಿ, 1929ರ ಸುಮಾರಿನಲ್ಲಿ ಆತನು ಒಂದು ಪುಟ್ಟ ವಿಮಾನದಾಕಾರದ ಪೆಟ್ಟಿಗೆಯನ್ನು ಮಾಡಿದನು. ಒಳಗೆ ಕುಳಿತವನು ಹಿಡಿಕೆಯನ್ನು ತಿರುಗಿಸಿದರೆ ತಿದಿಗಳು ಉಬ್ಬಿ ಕುಗ್ಗಿ ಪೆಟ್ಟಿಗೆಯು ವಾಲುವುದು, ಏಳುವುದು, ತಿರುಗುವುದು. ಸಂಗೀತದ ಪಾಠದಲ್ಲಿ ಹಾರ್ಮೋನಿಯಮ್ಮಿನ ತಿದಿಯನ್ನು ಒತ್ತಿರುವ ನಿಮಗೆ ಇದರ ಮರ್ಮವು ಸುಲಭವಾಗಿ ತಿಳಿಯುವುದು.

ಮೊದಲು ಈ ಯಂತ್ರವನ್ನು ಜಾತ್ರೆಯ ಆಟದ ಸಾಮಾನೆಂದೇ ಜನರು ಎಣಿಸಿದರು. 1934ರಲ್ಲಿ ಅಮೆರಿಕದ ಸೈನ್ಯದ ವಿಮಾನಗಳು ಟಪಾಲನ್ನು ಸಾಗಿಸುವ ಕೆಲಸಕ್ಕೆ ತೊಡಗಿದಾಗ, ಮೋಡ ಮಂಜುಗಳಲ್ಲಿ ಕೇವಲ ಉಪಕರಣಗಳನ್ನು ನೋಡಿ ಹಾರುವ ಅಭ್ಯಾಸವಿಲ್ಲದೆ ಅನೇಕ ವೈಮಾನಿಕರು ಪ್ರಾಣ ಕಳೆದುಕೊಂಡರು. ಆಗ ಸೈನ್ಯವು ಲಿಂಕನ ಯಂತ್ರಗಳಲ್ಲಿ ಆರನ್ನು ಕೊಂಡುಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಕ್ಷಾಂತರ ವೈಮಾನಿಕರು ಅದರಲ್ಲಿಯೇ ಪಾಠ ಕಲಿತರು.

ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿಯು ಮುಂದಿನದು. ಪೆಟ್ಟಿಗೆಯೊಳಗೆ ಶಿಷ್ಯನು ಕುಳಿತಿರಲು, ಹೊರಗೆ ಬೋಧಕನ ಮೇಜಿನ ಮೇಲೆ ಒಂದು ನಕ್ಷೆಯು ಹಾಸಿರುತ್ತಿತ್ತು. ಆ ನಕ್ಷೆಯ ಮೇಲೆ ಮೂರು ಗಾಲಿಗಳ ಸಣ್ಣ ಯಂತ್ರವೊಂದು ತೆವಳುತ್ತ, ಶಿಷ್ಯನು ಯಾವ ದಾರಿಯಲ್ಲಿ ಹಾರುತ್ತಿರುವನೋ ಆ ದಾರಿಯನ್ನು ಶಾಯಿಯಿಂದ ಗೆರೆಯೆಳೆದು ತೋರಿಸುತ್ತಿತ್ತು. ಅದು ಹರಿಯುವ ಬಗೆಯನ್ನು ನೋಡಿ ಅದಕ್ಕೆ ಏಡಿ ಎಂದು ಹೆಸರಿಟ್ಟಿದ್ದರು. ಪಾಠ ಮುಗಿದ ಮೇಲೆ ಬೋಧಕನು ಶಿಷ್ಯನನ್ನು ಕರೆದು ಆ ಗೆರೆಯನ್ನು ತೋರಿಸುವನು. ತಪ್ಪನ್ನು ಯಾರೂ ಬಾಯಿಂದ ವರ್ಣಿಸಬೇಕಾಗಿರಲಿಲ್ಲ; ಅದು ಕಾಗದದ ಮೇಲೆ ಬಿದ್ದಿರುತ್ತಿತ್ತು. ಯಂತ್ರವು ತಾನಾಗಿ ಕೊಡುವ ಪರಾಮರ್ಶೆಯ ಮೊದಲ ರೂಪಗಳಲ್ಲಿ ಇದೊಂದೆಂದು ಹೇಳಬಹುದು. ಆದರೆ ಏಡಿಯು ಗೆರೆಯನ್ನು ಮಾತ್ರ ಎಳೆಯಿತು, ಅಂಕ ಕೊಡಲಿಲ್ಲ. ತೀರ್ಪು ಬೋಧಕನ ಕೈಯಲ್ಲಿಯೇ ಉಳಿಯಿತು.

2. ನಮ್ಮ ನಾಡಿನಲ್ಲಿ ಈ ವಿದ್ಯೆ

ಆವನಿಯ ಬೆಟ್ಟವನ್ನು ಹತ್ತಿ ನಿಂತವರಿಗೆ ಬೆಂಗಳೂರಿನ ಕಡೆಗೆ ಸಾಗುವ ವಿಮಾನಗಳು ಕಾಣುವುದು ಹೊಸದೇನಲ್ಲ. ಆ ಬೆಂಗಳೂರು ಬಹುಕಾಲದಿಂದ ವಿಮಾನವಿದ್ಯೆಯ ತವರು. 1940ರಲ್ಲಿ ಅಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಸ್ಥಾಪಿತವಾಯಿತು. ಅದೇ ದಶಕದ ಕೊನೆಯಲ್ಲಿ ಜಕ್ಕೂರಿನಲ್ಲಿ ಸರ್ಕಾರದ ವೈಮಾನಿಕ ತರಬೇತಿ ಶಾಲೆಯು ಹುಟ್ಟಿತು. 2001ರ ಜನವರಿ 4ರಂದು ತೇಜಸ್ ಎಂಬ ಹಗುರ ಯುದ್ಧವಿಮಾನದ ಮಾದರಿಯು ಬೆಂಗಳೂರಿನಲ್ಲಿ ಮೊದಲ ಬಾರಿ ಆಕಾಶಕ್ಕೇರಿತು. ಅದಕ್ಕೆ ಮುಂಚೆ ಅದರ ಪರೀಕ್ಷಾ ವೈಮಾನಿಕರು ಬೆಂಗಳೂರಿನಲ್ಲಿಯೇ ಅನುಕರಣ ಯಂತ್ರದಲ್ಲಿ ಕುಳಿತು ಆ ವಿಮಾನದ ನಡತೆಯನ್ನು ಅಭ್ಯಸಿಸಿದ್ದರು. 2010ರಲ್ಲಿ ಹಿಂದೂಸ್ತಾನ್ ಏರೊನಾಟಿಕ್ಸ್ ಸಂಸ್ಥೆಯೂ ಕೆನಡಾ ದೇಶದ ಸಿ.ಎ.ಇ. ಸಂಸ್ಥೆಯೂ ಕೂಡಿ ಹೆಲಿಕಾಪ್ಟರ್ ವೈಮಾನಿಕರಿಗಾಗಿ ಹ್ಯಾಟ್ಸಾಫ್ ಎಂಬ ಶಿಕ್ಷಣಾಲಯವನ್ನು ಬೆಂಗಳೂರಿನಲ್ಲಿ ತೆರೆದುವು. ಅಲ್ಲಿನ ಸಿಮ್ಯುಲೇಟರಿನಲ್ಲಿ ಒಂದು ಬಗೆಯ ಹೆಲಿಕಾಪ್ಟರಿನ ಕೋಣೆಯನ್ನು ತೆಗೆದು ಇನ್ನೊಂದು ಬಗೆಯದನ್ನು ಜೋಡಿಸುವ ಏರ್ಪಾಡಿದೆ.

ಇಂಥ ದೊಡ್ಡ ಯಂತ್ರಗಳು ಆರು ಕಾಲುಗಳ ಮೇಲೆ ನಿಂತು ಅಲುಗುವುವು. ಬೋಧಕನು ಹಿಂದೆ ಕುಳಿತು, ಗುಂಡಿಯೊತ್ತಿ ಮಳೆಯನ್ನು ಸುರಿಸಬಲ್ಲನು. ಒಂದು ಎಂಜಿನನ್ನು ನಿಲ್ಲಿಸಬಲ್ಲನು. ಹಾರಾಟವನ್ನು ಅರ್ಧದಲ್ಲಿ ತಡೆದು ಆಗ ನಡೆದುದನ್ನು ಮರಳಿ ತೋರಿಸಬಲ್ಲನು. ಶಿಷ್ಯೆಯ ಕೈಚಲನೆಯೂ ವಿಮಾನದ ಎತ್ತರ, ವೇಗ, ದಿಕ್ಕುಗಳೂ ಕ್ಷಣಕ್ಷಣಕ್ಕೂ ದಾಖಲಾಗುತ್ತವೆ. ಹೀಗೆ ದಾಖಲಾದುದನ್ನು ಆ ಕೂಡಲೇ ಅಳೆದು ಬೋಧಕನ ಮುಂದಿಡುವ ರೈಸ್ ಎಂಬ ವ್ಯವಸ್ಥೆಯನ್ನು ಸಿ.ಎ.ಇ. ಸಂಸ್ಥೆಯು 2017ರಲ್ಲಿ ಪ್ರಕಟಿಸಿತು. ಏಡಿಯ ಗೆರೆಯು ಈಗ ಅಂಕವಾಗಿ ಬೆಳೆದಿದೆ.

3. ಅಂಕವು ಹೇಗೆ ಹುಟ್ಟುತ್ತದೆ?

ನಿಮ್ಮಲ್ಲಿ ಅನೇಕರು ಬೆಳಗ್ಗೆ ಹಾಲಿನ ಕ್ಯಾನನ್ನು ಹಿಡಿದು ಊರಿನ ಡೈರಿಗೆ ಹೋಗಿ ಬಂದ ಮೇಲೆ ಶಾಲೆಗೆ ಹೊರಡುವಿರಿ. ಅಲ್ಲಿ ಯಂತ್ರದ ಕೊಳವೆಗೆ ಸ್ವಲ್ಪ ಹಾಲನ್ನು ಒಡ್ಡಿದರೆ ಫ್ಯಾಟು ಇಷ್ಟು, ಡಿಗ್ರಿ ಇಷ್ಟು, ದರ ಇಷ್ಟು ಎಂಬ ಚೀಟಿಯು ಬರುವುದು. ಈ ಚೀಟಿಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಫ್ಯಾಟಿನ ಸಂಖ್ಯೆಯು ಅಳತೆ. ಅದನ್ನು ಯಂತ್ರವು ಕಂಡುಹಿಡಿಯಿತು. ದರವಾದರೋ ನಿಯಮ, ಇಷ್ಟು ಫ್ಯಾಟಿಗೆ ಇಷ್ಟು ರೂಪಾಯಿ ಎಂದು ಮನುಷ್ಯರು ಕುಳಿತು ತೀರ್ಮಾನಿಸಿದ್ದು. ಇದಲ್ಲದೆ, ಹಸುವಿಗೆ ನಿನ್ನೆ ಜ್ವರ ಬಂದಿತ್ತೆಂಬುದಾಗಲಿ, ಮೇವು ಕಡಮೆಯಾಗಿತ್ತೆಂಬುದಾಗಲಿ ಚೀಟಿಯಲ್ಲಿ ಬರೆದಿರುವುದಿಲ್ಲ. ಅದನ್ನು ತಿಳಿದವಳು ಕೊಟ್ಟಿಗೆಯಲ್ಲಿರುವ ನಿಮ್ಮ ಅಜ್ಜಿ.

ಹಾರಾಟದ ಅಂಕವೂ ಹೀಗೆಯೇ ಹುಟ್ಟುವುದು. ಮೊದಲನೆಯದು ಅಳತೆ: ಎತ್ತರ, ವೇಗ, ದಿಕ್ಕು, ವಾಲಿಕೆ. ಎರಡನೆಯದು ಆದರ್ಶ: ಈ ಪಾಠದಲ್ಲಿ ಎತ್ತರವು 4,000 ಅಡಿ ಇರತಕ್ಕದ್ದು ಎಂಬ ಆಜ್ಞೆ. ಮೂರನೆಯದು ವಿನಾಯಿತಿ: ಎಷ್ಟು ತಪ್ಪಿದರೆ ಕ್ಷಮಿಸಬಹುದು ಎಂಬ ಮಿತಿ. ಉದಾಹರಣೆಗೆ, ಅಮೆರಿಕದಲ್ಲಿ ಖಾಸಗಿ ವೈಮಾನಿಕರ ಪರೀಕ್ಷೆಯಲ್ಲಿ 45 ಅಂಶಗಳಷ್ಟು ವಾಲಿ ಸುತ್ತು ತಿರುಗುವಾಗ ಎತ್ತರವು 100 ಅಡಿಗಿಂತಲೂ ವೇಗವು 10 ನಾಟ್‌ಗಿಂತಲೂ ಹೆಚ್ಚು ವ್ಯತ್ಯಾಸವಾಗಬಾರದೆಂಬ ವಿಧಿಯಿದೆ. ನಾಲ್ಕನೆಯದು ಕೂಡಿಸುವ ಕ್ರಮ: ಬಿಡಿಬಿಡಿ ತಪ್ಪುಗಳನ್ನು ಸೇರಿಸಿ ಒಂದೇ ಸಂಖ್ಯೆ ಮಾಡುವ ಲೆಕ್ಕ. ಈ ನಾಲ್ಕರಲ್ಲಿ ಮೊದಲನೆಯದು ಮಾತ್ರ ಯಂತ್ರದ ಸ್ವಂತ ಕೆಲಸ. ಉಳಿದ ಮೂರೂ ಪಾಠವನ್ನು ರಚಿಸಿದ ಮನುಷ್ಯರ ನಿರ್ಣಯಗಳು.

4. ಮೂವರು ಶಿಷ್ಯೆಯರ ಲೆಕ್ಕ

ಗಣಿತದ ಪಾಠದಲ್ಲಿ ಸರಾಸರಿಯನ್ನು ಕಲಿತಿರುವಿರಿ. ಈಗ ಮೂವರು ಶಿಷ್ಯೆಯರು 4,000 ಅಡಿ ಎತ್ತರದಲ್ಲಿ ಸಮವಾಗಿ ಹಾರಬೇಕಾಗಿದೆಯೆಂದು ಭಾವಿಸಿರಿ. ಹತ್ತು ಸೆಕೆಂಡಿಗೊಮ್ಮೆ ಎಂಟು ಬಾರಿ ಅಳೆದಾಗ ಅವರ ವ್ಯತ್ಯಾಸಗಳು ಅಡಿಗಳಲ್ಲಿ ಹೀಗಿದ್ದುವು.

ಮೊದಲನೆಯವಳು: +20, −20, +20, −20, +20, −20, +20, −20.
ಎರಡನೆಯವಳು: 0, 0, 0, +120, −120, 0, 0, 0.
ಮೂರನೆಯವಳು: +60, +60, +60, +60, +60, +60, +60, +60.

ಸಾಧಾರಣ ಸರಾಸರಿಯನ್ನು ತೆಗೆದರೆ ಮೊದಲಿಬ್ಬರದೂ ಸೊನ್ನೆ. ಹೆಚ್ಚು ಕಡಮೆಗಳು ಒಂದನ್ನೊಂದು ನುಂಗಿಬಿಟ್ಟು, ತಪ್ಪೇ ಇಲ್ಲವೆಂಬಂತೆ ತೋರುವುದು. ಆದಕಾರಣ ಲೆಕ್ಕಿಗರು ಬೇರೊಂದು ಉಪಾಯವನ್ನು ಹೂಡುವರು. ಪ್ರತಿಯೊಂದು ವ್ಯತ್ಯಾಸವನ್ನೂ ವರ್ಗ ಮಾಡಿ, ಆ ವರ್ಗಗಳ ಸರಾಸರಿಯನ್ನು ತೆಗೆದು, ಅದರ ವರ್ಗಮೂಲವನ್ನು ಕಂಡುಹಿಡಿಯುವರು. ವರ್ಗ ಮಾಡಿದಾಗ ಋಣಚಿಹ್ನೆಯು ಮಾಯವಾಗುವುದು. ದೊಡ್ಡ ತಪ್ಪಿಗೆ ಹೆಚ್ಚಿನ ತೂಕವೂ ಬರುವುದು. ಮೊದಲನೆಯವಳಿಗೆ ಇದು 20 ಅಡಿ. ಎರಡನೆಯವಳಿಗೆ ವರ್ಗಗಳ ಮೊತ್ತ 28,800. ಎಂಟರಿಂದ ಭಾಗಿಸಿದರೆ 3,600. ವರ್ಗಮೂಲ 60 ಅಡಿ. ಮೂರನೆಯವಳಿಗೂ ಸರಿಯಾಗಿ 60 ಅಡಿ!

ಇನ್ನೊಂದು ಕ್ರಮವುಂಟು. ವಿನಾಯಿತಿಯೊಳಗೆ ಎಷ್ಟು ಹೊತ್ತು ಇದ್ದಳೆಂದು ಎಣಿಸುವುದು. ವಿನಾಯಿತಿಯು 100 ಅಡಿಯಾದರೆ ಮೊದಲನೆಯವಳಿಗೂ ಮೂರನೆಯವಳಿಗೂ ನೂರಕ್ಕೆ ನೂರು, ಎರಡನೆಯವಳಿಗೆ 75. ಅದೇ ವಿನಾಯಿತಿಯನ್ನು 50 ಅಡಿಗೆ ಇಳಿಸಿದರೆ ಎರಡನೆಯವಳಿಗೆ ಅದೇ 75 ಉಳಿಯುವುದು. ಮೂರನೆಯವಳಿಗೆ ಸೊನ್ನೆ ಬರುವುದು. ಹಾರಾಟವು ಬದಲಾಗಲಿಲ್ಲ, ನಿಯಮವು ಬದಲಾಯಿತು. ಒಂದೇ ಹಾರಾಟಕ್ಕೆ ನೂರೂ ಬರಬಹುದು, ಸೊನ್ನೆಯೂ ಬರಬಹುದೆಂದ ಮೇಲೆ, ನಿಯಮವನ್ನು ಓದದೆ ಅಂಕವನ್ನು ಓದುವುದರಿಂದ ಏನು ಪ್ರಯೋಜನ?

ಇನ್ನು ತಪ್ಪಿನ ಕಾರಣವನ್ನು ನೋಡೋಣ. ಎರಡನೆಯವಳೂ ಮೂರನೆಯವಳೂ ಒಂದು ಲೆಕ್ಕದಲ್ಲಿ ಸಮಾನರು. ಆದರೆ ಅವರ ರೋಗಗಳು ಬೇರೆ. ಎರಡನೆಯವಳು ಚೆನ್ನಾಗಿ ಹಾರುತ್ತಿದ್ದು ನಡುವೆ ಒಂದು ಗಳಿಗೆ ಮೈಮರೆತಳು. ರೇಡಿಯೋದಲ್ಲಿ ಯಾರೋ ಕರೆದರೋ, ನಕ್ಷೆಯನ್ನು ಮಡಿಸುತ್ತಿದ್ದಳೋ, ಅದನ್ನು ಆಕೆಯನ್ನೇ ಕೇಳಬೇಕು. ಮೂರನೆಯವಳ ಕೈ ಬಹಳ ಸ್ಥಿರವಾದುದು. ಆದರೆ ಆರಂಭದಲ್ಲಿಯೇ ಏನೋ ಒಂದು ತಪ್ಪಿದೆ. ವಿಮಾನದ ಎತ್ತರಮಾಪಕವು ಗಾಳಿಯ ಒತ್ತಡದಿಂದ ಎತ್ತರವನ್ನು ತಿಳಿಸುವ ಉಪಕರಣ. ಹೊರಡುವ ಮುನ್ನ ಆ ದಿನದ ಒತ್ತಡವನ್ನು ಅದರಲ್ಲಿ ತಿರುಗಿಸಿಡಬೇಕು. ಎರಡು ಹೆಕ್ಟೊಪ್ಯಾಸ್ಕಲ್‌ಗಳಷ್ಟು ತಪ್ಪಿದರೆ ಎತ್ತರದಲ್ಲಿ ಸುಮಾರು 55ರಿಂದ 60 ಅಡಿಗಳ ವ್ಯತ್ಯಾಸವಾಗುವುದು.

ಆವನಿಯ ಹುಡುಗಿಯ ಕಾಗದವನ್ನು ಬಿಡಿಸಿ ನಕ್ಷೆಯನ್ನು ನೋಡಿದಾಗ, ಅದು ಈ ಮೂರನೆಯವಳ ನಕ್ಷೆಯಂತೆಯೇ ಇದ್ದಿತು. ಗೆರೆಯು ದಾರ ಹಿಡಿದಂತೆ ನೇರ. ಆದರೆ ಇರಬೇಕಾದ ಸ್ಥಾನಕ್ಕಿಂತ ಸ್ವಲ್ಪ ಮೇಲೆ. ಪಾಠದಲ್ಲಿ ಆ ದಿನದ ಒತ್ತಡವು 1015 ಎಂದು ಕೊಟ್ಟಿತ್ತು. ಮಾಪಕವು ಮಾತ್ರ ಸಾಮಾನ್ಯ ಮೌಲ್ಯವಾದ 1013ರಲ್ಲಿಯೇ ಉಳಿದಿತ್ತು. ಮಾಪಕವು ಕಡಮೆ ತೋರಿಸಿತು. ಹುಡುಗಿಯು ಅದನ್ನು ನಂಬಿ ಮೇಲೆ ಹಾರಿದಳು. ಯಂತ್ರವು ನಿಜವಾದ ಎತ್ತರವನ್ನು ಹಿಡಿದು ಅಂಕವನ್ನು ಕಳೆಯಿತು. ವಿನಾಯಿತಿಯೂ ಬರಿಯ 50 ಅಡಿ. ಎತ್ತರದ ಅಂಕವೆಲ್ಲವೂ ಹೋಗಿ ಉಳಿದುವುಗಳಿಂದ 61 ಬಂದಿತ್ತು. ಒಂದು ಗುಂಡಿಯನ್ನು ಎರಡು ಗೆರೆ ತಿರುಗಿಸಿದ್ದರೆ ತೀರುತ್ತಿದ್ದ ತಪ್ಪನ್ನು ಆಕೆಯು ತನ್ನ ಹಣೆಬರಹವೆಂದು ತಿಳಿದಿದ್ದಳು. ಹಾಗೆಂದು ಇದು ಸಣ್ಣ ತಪ್ಪೆಂದು ನಾನು ಹೇಳಲಾರೆ. ನಿಜವಾದ ಆಕಾಶದಲ್ಲಿ ಮಾಪಕವನ್ನು ಸರಿಪಡಿಸದೆ ಹಾರುವುದು ಅಪಾಯಕರವೇ. ಆದರೆ ಅದು ತಿದ್ದಬಹುದಾದ ತಪ್ಪು, ಒಂದೇ ಬಾರಿಗೆ ತಿದ್ದಬಹುದಾದ ತಪ್ಪು.

5. ಒಟ್ಟು ಮೊತ್ತವು ಮರೆಸುವ ಸಂಗತಿ

ಎತ್ತರಕ್ಕೆ 40, ದಿಕ್ಕಿಗೆ 30, ವೇಗಕ್ಕೆ 30 ಎಂದು ಅಂಕಗಳನ್ನು ಹಂಚಿರುವ ಒಂದು ಪಾಠವಿರಲಿ. ಒಬ್ಬಳು ಎಲ್ಲದರಲ್ಲಿಯೂ ನೂರಕ್ಕೆ 82ರಷ್ಟು ಮಾಡಿ ಒಟ್ಟು 82 ಪಡೆದಳು. ಇನ್ನೊಬ್ಬಳು ಎತ್ತರ ದಿಕ್ಕುಗಳಲ್ಲಿ ಪೂರ್ಣಾಂಕ ಪಡೆದು, ವೇಗದಲ್ಲಿ ನೂರಕ್ಕೆ 40ರಷ್ಟು ಮಾತ್ರ ಮಾಡಿದಳು. ಆಕೆಗೆ 40, 30 ಮತ್ತು 12, ಕೂಡಿದರೆ 82. ಒಟ್ಟು ಅಂಕವು ಒಂದೇ. ಆದರೆ ವೇಗವು ತೀರ ಕುಗ್ಗಿದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರವು. ಎರಡನೆಯವಳ ವೇಗವು ಕುಗ್ಗಿತ್ತೋ ಹೆಚ್ಚಿತ್ತೋ ಎಂಬುದನ್ನು ವಿಚಾರಿಸದೆ ಇಬ್ಬರನ್ನೂ ಸಮಾನರೆಂದು ಬಿಡುವ ಬೋಧಕರು ಯಾರಾದರೂ ಇರುವರೇ? ಪರೀಕ್ಷೆಯಲ್ಲಿ ಕನ್ನಡದ ಅಂಕವು ಗಣಿತದ ಕೊರತೆಯನ್ನು ತುಂಬಬಹುದು; ಆಕಾಶದಲ್ಲಿ ದಿಕ್ಕಿನ ಸೊಗಸು ವೇಗದ ಕೊರತೆಯನ್ನು ತುಂಬಲಾರದು.

6. ಇಳಿಯುವ ಪಾಠ ಮತ್ತು ಮಂಗಳೂರಿನ ದುರಂತ

ಮನೆಯ ಕಂಪ್ಯೂಟರಿನ ಎಷ್ಟೋ ಆಟಗಳಲ್ಲಿ ಇಳಿಯುವಿಕೆಗೆ ಅಂಕ ಕೊಡುವಾಗ, ಗಾಲಿಗಳು ನೆಲವನ್ನು ಎಷ್ಟು ಮೆತ್ತಗೆ ಮುಟ್ಟಿದುವು ಎಂಬುದಕ್ಕೇ ಹೆಚ್ಚು ಬೆಲೆಯಿರುವುದು. ಇದು ನೋಡುವವರಿಗೆ ಚೆನ್ನ. ಆದರೆ ವೃತ್ತಿಯ ವೈಮಾನಿಕರು ನೆಲವನ್ನು ಮುಟ್ಟುವುದಕ್ಕೆ ಬಹಳ ಮುಂಚೆಯೇ ತಮ್ಮ ಇಳಿಯುವಿಕೆಯನ್ನು ಪರೀಕ್ಷಿಸಿಕೊಳ್ಳುವರು.

ವಿಮಾನವು ಸಾಮಾನ್ಯವಾಗಿ 3 ಅಂಶಗಳ ಇಳಿಜಾರಿನಲ್ಲಿ ರನ್‌ವೇಯ ಕಡೆಗೆ ಬರುವುದು. ಹಾಗೆಂದರೆ ಒಂದು ನಾವಿಕ ಮೈಲಿ ದೂರದಲ್ಲಿರುವಾಗ ಸುಮಾರು 300 ಅಡಿ, ಎರಡು ಮೈಲಿಯಲ್ಲಿ ಸುಮಾರು 600 ಅಡಿ ಎತ್ತರದಲ್ಲಿರತಕ್ಕದ್ದು. ಮೋಡವಿದ್ದರೆ 1,000 ಅಡಿಗೂ, ನಿರ್ಮಲವಾಗಿದ್ದರೆ 500 ಅಡಿಗೂ ಇಳಿಯುವಷ್ಟರಲ್ಲಿ ದಾರಿ, ವೇಗ, ಇಳಿಯುವ ಗತಿ ಎಲ್ಲವೂ ಸ್ಥಿರವಾಗಿರಬೇಕು. ನಿಮಿಷಕ್ಕೆ 1,000 ಅಡಿಗಿಂತ ಹೆಚ್ಚು ವೇಗದಿಂದ ಇಳಿಯುತ್ತಿರಬಾರದು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಇಳಿಯುವ ಪ್ರಯತ್ನವನ್ನು ಬಿಟ್ಟು ಪುನಃ ಮೇಲಕ್ಕೆದ್ದು, ಒಂದು ಸುತ್ತು ಹಾಕಿ ಮತ್ತೆ ಬರಬೇಕು. ಇದು ಸೋಲೆಂದು ಎಣಿಸಲ್ಪಡುವುದಿಲ್ಲ, ವಿವೇಕವೆಂದೇ ಎಣಿಸಲ್ಪಡುವುದು.

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜಪೆಯಲ್ಲಿ ಇಳಿಯುವಾಗ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದು, ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮೃತರಾದರು. ಗುಡ್ಡದ ನೆತ್ತಿಯನ್ನು ಸಮಮಾಡಿ ಮಾಡಿದ ಆ ರನ್‌ವೇಯ ಉದ್ದವು ಸುಮಾರು 8,000 ಅಡಿ. ವಿಚಾರಣಾ ಸಮಿತಿಯು ಕಂಡುಕೊಂಡ ಪ್ರಕಾರ, ರನ್‌ವೇಗೆ ಎರಡು ಮೈಲಿಗಳಷ್ಟು ದೂರದಲ್ಲಿ ವಿಮಾನವು ಇರಬೇಕಾದ ಎತ್ತರದ ಸುಮಾರು ಎರಡರಷ್ಟು ಎತ್ತರದಲ್ಲಿತ್ತು. ಗಾಲಿಗಳು ನೆಲವನ್ನು ಮುಟ್ಟಿದುದು ಸುಮಾರು 5,200 ಅಡಿ ದಾಟಿದ ಮೇಲೆ. ನಿಲ್ಲಲು ಉಳಿದಿದ್ದ ಸ್ಥಳವು 2,800 ಅಡಿ ಮಾತ್ರ. ಇಳಿಯುವ ಮುಂಚೆ ವಿಮಾನದೊಳಗಿನ ಎಚ್ಚರಿಕೆಯ ಯಂತ್ರವು ಪುನಃ ಪುನಃ ಕೂಗಿತ್ತು. ಸಹವೈಮಾನಿಕರು ಇಳಿಯದೆ ಮೇಲಕ್ಕೇಳಬೇಕೆಂದು ಮೂರು ಸಾರಿ ಹೇಳಿದ್ದರು. ಮುಖ್ಯ ವೈಮಾನಿಕರು ಆ ಪ್ರಯತ್ನವನ್ನು ಬಿಡಲಿಲ್ಲ. ಅವರು ಪ್ರಯಾಣದ ಬಹುಭಾಗದಲ್ಲಿ ನಿದ್ರಿಸಿದ್ದು, ಎಚ್ಚರವಾದ ಬಳಿಕವೂ ನಿದ್ರೆಯ ಮಂಪರು ಅವರ ವಿವೇಕವನ್ನು ಮುಸುಕಿದ್ದಿರಬಹುದೆಂದು ಸಮಿತಿಯು ಹೇಳಿತು.

ಈ ದುಃಖದ ಕಥೆಯಿಂದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದಾಗಿ, ಗಾಲಿಯು ಮೆತ್ತಗೆ ಮುಟ್ಟಿತೋ ಇಲ್ಲವೋ ಎಂಬುದಕ್ಕಿಂತ ಎಲ್ಲಿ ಮುಟ್ಟಿತು ಎಂಬುದು ಹೆಚ್ಚಿನದು. ಮೆತ್ತನೆಯ ಸ್ಪರ್ಶಕ್ಕೆ ಮಾತ್ರ ಅಂಕ ಕೊಡುವ ಯಂತ್ರವು, ರನ್‌ವೇಯ ಮೇಲೆ ತೇಲುತ್ತ ಹೋಗಿ ಬಹುದೂರದಲ್ಲಿ ಹೂವಿನಂತೆ ಇಳಿದವಳಿಗೆ ನೂರನ್ನು ಕೊಟ್ಟುಬಿಡಬಹುದು. ಎರಡನೆಯದಾಗಿ, ಯಂತ್ರವು ಹೇಳಿದರೆ ಸಾಲದು, ಜೊತೆಯವರು ಹೇಳಿದರೂ ಸಾಲದು. ಕೇಳುವ ಕಿವಿ ಬೇಕು. ತಪ್ಪನ್ನು ತೋರಿಸಿದವರ ಮಾತನ್ನು ಕೇಳಿ, ಹಿಡಿದ ಕೆಲಸವನ್ನು ಅಲ್ಲಿಗೇ ಬಿಟ್ಟು ಮತ್ತೊಮ್ಮೆ ಆರಂಭಿಸುವ ಗುಣವನ್ನು ಆಕಾಶದಲ್ಲಿ ಹೊಸದಾಗಿ ಸಂಪಾದಿಸಲಾಗದು. ಅದನ್ನು ಅನುಕರಣ ಯಂತ್ರದಲ್ಲಿಯೇ, ಅಂಕಪಟ್ಟಿಯ ಮುಂದೆಯೇ, ಅಭ್ಯಾಸ ಮಾಡಬೇಕು.

7. ಯಾವಾಗ ತಿದ್ದಬೇಕು?

ನಮ್ಮ ಭಾಷೆಯಲ್ಲಿ ತಿದ್ದು ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಉಪಾಧ್ಯಾಯರು ಬರೆದುಕೊಟ್ಟ ಅಕ್ಷರದ ಮೇಲೆ ಮಗುವು ಬಳಪವನ್ನು ಆಡಿಸುವುದೂ ತಿದ್ದುವುದೇ. ಅಕ್ಷರದ ಮೇಲೆ ತಿದ್ದುತ್ತಿರುವಷ್ಟು ಕಾಲ ಮಗುವಿನ ಬರವಣಿಗೆಯು ದುಂಡಾಗಿರುವುದು. ಆದರೆ ಬರಿಯ ಸ್ಲೇಟನ್ನು ಕೊಟ್ಟಾಗಲ್ಲವೇ ಕಲಿತಿರುವುದೆಷ್ಟು ಎಂದು ತಿಳಿಯುವುದು?

ಯಂತ್ರೋಪಾಧ್ಯಾಯನ ವಿಷಯದಲ್ಲಿಯೂ ಇದೇ ಪ್ರಶ್ನೆಯಿದೆ. ಕೆಲವು ಪಾಠಗಳಲ್ಲಿ ದಾರಿಯನ್ನು ತೋರಿಸುವ ಗೆರೆಗಳು ಸದಾ ಕಣ್ಣೆದುರಿಗಿರುವುವು. ಸ್ವಲ್ಪ ತಪ್ಪಿದರೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಎಂದು ಧ್ವನಿಯು ಹೇಳುತ್ತಿರುವುದು. ಆ ಹೊತ್ತಿನಲ್ಲಿ ಅಂಕವು ಏರುವುದು ನಿಜ. ಆದರೆ ಶಿಷ್ಯೆಯು ಆ ಗೆರೆಗಳಿಗೇ ಜೋತುಬೀಳುವ ಅಪಾಯವುಂಟು. 1980ರಲ್ಲಿ ಗ್ಯಾವನ್ ಲಿಂಟರ್ನ್ ಎಂಬ ವಿದ್ವಾಂಸರು ಇಳಿಯುವ ಪಾಠವನ್ನು ಕುರಿತ ಸಂಶೋಧನೆಯೊಂದನ್ನು ಪ್ರಕಟಿಸಿದರು. ದಾರಿ ತೋರುವ ಗುರುತುಗಳನ್ನು ಶಿಷ್ಯನು ದಾರಿ ತಪ್ಪಿದಾಗ ಮಾತ್ರ ತೋರಿಸಿ, ಸರಿಯಾದ ಕೂಡಲೇ ಮರೆಮಾಡಿದರೆ, ಸದಾ ತೋರಿಸುವುದಕ್ಕಿಂತ ಕಲಿಕೆಯು ಚೆನ್ನಾಗಿ ಉಳಿಯುವುದೆಂದು ಅದರಿಂದ ತಿಳಿದುಬಂದಿತು. ಮಗುವಿಗೆ ನಡೆಯಲು ಕಲಿಸುವ ತಾಯಿಯು ಮಾಡುವುದೂ ಇದನ್ನೇ. ಕೈಯನ್ನು ಚಾಚಿ ನಿಲ್ಲುವಳು. ಮಗುವು ವಾಲಿದಾಗ ಹಿಡಿಯುವಳು.

8. ಯಂತ್ರದ ಕಣ್ಣಿಗೆ ಕಾಣದ ಸಂಗತಿಗಳು

ನಮ್ಮ ಆವನಿಯಲ್ಲಿ ವಾಲ್ಮೀಕಿಗಳ ಆಶ್ರಮವಿತ್ತೆಂದೂ ಲವಕುಶರು ಅಲ್ಲಿಯೇ ಹುಟ್ಟಿ ಬಿಲ್ವಿದ್ಯೆಯನ್ನು ಕಲಿತರೆಂದೂ ಊರಿನವರ ಪ್ರತೀತಿ. ಬಿಲ್ಲು ಕಲಿಸುವ ಗುರುವು ಬಾಣವು ಗುರಿಯನ್ನು ಮುಟ್ಟಿತೇ ಎಂದು ನೋಡುವುದರೊಡನೆ, ಶಿಷ್ಯನ ಉಸಿರನ್ನೂ ಭುಜವನ್ನೂ ಕಣ್ಣನ್ನೂ ನೋಡುವನು. ಗುರಿಯ ಮೇಲಿನ ತೂತನ್ನು ಅಳೆಯುವುದು ಯಂತ್ರಕ್ಕೆ ಸುಲಭ. ಉಳಿದುದು ಕಷ್ಟ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ತರಬೇತಿಯ ಕೈಪಿಡಿಯು ವೈಮಾನಿಕರಲ್ಲಿರಬೇಕಾದ ಎಂಟು ಸಾಮರ್ಥ್ಯಗಳನ್ನು ಹೇಳುತ್ತದೆ. ವಿಧಿಗಳನ್ನು ಪಾಲಿಸುವುದು, ಸ್ಪಷ್ಟವಾಗಿ ಮಾತನಾಡುವುದು, ಸ್ವಯಂಚಾಲಿತ ಯಂತ್ರದ ಮೂಲಕ ವಿಮಾನವನ್ನು ನಡೆಸುವುದು, ಕೈಯಿಂದ ನಡೆಸುವುದು, ಮುಂದಾಳುತನ ಮತ್ತು ಸಹಕಾರ, ಸಮಸ್ಯೆಯನ್ನು ಬಿಡಿಸಿ ನಿರ್ಣಯಿಸುವುದು, ಸುತ್ತಲಿನ ಪರಿಸ್ಥಿತಿಯ ಅರಿವು, ಕೆಲಸದ ಭಾರವನ್ನು ಹೊಂದಿಸಿಕೊಳ್ಳುವುದು. ಇವುಗಳಲ್ಲಿ ವಿಮಾನವನ್ನು ನಡೆಸುವ ಎರಡನ್ನು ಯಂತ್ರವು ಬಹು ಚೆನ್ನಾಗಿ ಅಳೆಯುವುದು. ವಿಧಿಪಾಲನೆಯನ್ನು ತಕ್ಕಮಟ್ಟಿಗೆ ಅಳೆಯುವುದು. ಉಳಿದುವುಗಳಿಗೆ ಇಂದಿಗೂ ಮನುಷ್ಯನ ಕಣ್ಣು ಕಿವಿಗಳೇ ಮುಖ್ಯ ಆಧಾರ. ಮಂಗಳೂರಿನಲ್ಲಿ ಕೊರತೆಯಾದುದು ಯಾವುದೆಂದು ಈ ಪಟ್ಟಿಯೊಡನೆ ಹೋಲಿಸಿ ನೋಡಿರಿ.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಮನುಷ್ಯ ಬೋಧಕನು ದಣಿಯುವನು. ಒಬ್ಬಳ ಮೇಲೆ ಅಕ್ಕರೆ, ಇನ್ನೊಬ್ಬಳ ಮೇಲೆ ಬೇಸರ ತಾಳಬಹುದು. ಹೆಣ್ಣು ಮಗಳು ವಿಮಾನ ಹಾರಿಸುವುದುಂಟೇ ಎಂದು ಮೂಗು ಮುರಿಯಲೂಬಹುದು. ಎತ್ತರವನ್ನು ಅಳೆಯುವ ಯಂತ್ರಕ್ಕೆ ಹಿಡಿಕೆಯ ಮೇಲಿರುವ ಕೈ ಯಾರದೆಂಬ ವಿಚಾರವಿಲ್ಲ. ನ್ಯಾಯವಾದ ಅಳತೆಯು ಬಲವಿಲ್ಲದವರಿಗೆ ದೊಡ್ಡ ಬೆಂಬಲ. ಆದಕಾರಣ ಯಂತ್ರದ ಅಳತೆಯನ್ನು ಗೌರವಿಸಿರಿ. ಮನುಷ್ಯರ ನಿಯಮವನ್ನು ವಿಚಾರಿಸಿರಿ.

9. ಅಂಕಪಟ್ಟಿಯನ್ನು ಓದುವ ಕ್ರಮ

ಮೇಲಿನ ವಿಚಾರಗಳಿಂದ ಈ ಐದು ಸೂತ್ರಗಳು ಹೊರಡುತ್ತವೆ.

ಮೊದಲನೆಯದು: ಅಂಕವನ್ನು ನೋಡುವ ಮುಂಚೆ ನಿಮ್ಮ ಹಾರಾಟಕ್ಕೆ ನೀವೇ ಅಂಕವನ್ನು ಕೊಟ್ಟುಕೊಳ್ಳಿರಿ. ನಿಮ್ಮ ಊಹೆಗೂ ಯಂತ್ರದ ಅಂಕಕ್ಕೂ ಇರುವ ಅಂತರವೇ ನಿಮಗೆ ಕಾಣದೆ ಹೋದ ತಪ್ಪಿನ ಸುಳಿವು.

ಎರಡನೆಯದು: ಮೊತ್ತಕ್ಕಿಂತ ಮೊದಲು ನಕ್ಷೆಯನ್ನು ಓದಿರಿ. ತಪ್ಪು ಸದಾ ಇದ್ದಿತೋ, ಒಂದು ಗಳಿಗೆಯಲ್ಲಿ ಬಂದಿತೋ, ತೂಗುಯ್ಯಾಲೆಯಂತೆ ಆಡುತ್ತಿತ್ತೋ ನೋಡಿರಿ.

ಮೂರನೆಯದು: ವಿನಾಯಿತಿ ಎಷ್ಟು, ಯಾವುದಕ್ಕೆ ಎಷ್ಟು ತೂಕ, ಎಂಬುದನ್ನು ತಿಳಿದುಕೊಳ್ಳಿರಿ. ಬೇರೆ ನಿಯಮದ ಎರಡು ಅಂಕಗಳನ್ನು ಹೋಲಿಸಬೇಡಿರಿ.

ನಾಲ್ಕನೆಯದು: ಮುಂದಿನ ಹಾರಾಟಕ್ಕೆ ಒಂದೇ ತಪ್ಪನ್ನು ಆರಿಸಿಕೊಳ್ಳಿರಿ. ಹತ್ತನ್ನೂ ಒಮ್ಮೆಗೇ ತಿದ್ದಹೊರಟವಳು ಹನ್ನೊಂದನೆಯದನ್ನು ಮಾಡುವಳು.

ಐದನೆಯದು: ಅಂಕಕ್ಕಾಗಿ ಹಾರಬೇಡಿರಿ. ಎತ್ತರದ ಮುಳ್ಳನ್ನೇ ದಿಟ್ಟಿಸಿ ನೂರು ಪಡೆದವಳು ಕಿಟಕಿಯ ಹೊರಗೆ ಬರುತ್ತಿರುವ ಇನ್ನೊಂದು ವಿಮಾನವನ್ನು ಕಾಣಲಿಲ್ಲವಾದರೆ, ಆ ನೂರರಿಂದ ಏನು ಫಲ?

ಉಪಸಂಹಾರ

ಆ ಹುಡುಗಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ನಕ್ಷೆಯ ಗೆರೆಯನ್ನು ಬೆರಳಿನಿಂದ ತೋರಿಸಿದೆನು. "ಇಷ್ಟು ನೇರವಾದ ಗೆರೆಯನ್ನು ಎಳೆದ ಕೈ ಯಾರದಮ್ಮ?" ಎಂದು ಕೇಳಿದೆನು. ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಗುಂಡಿಯನ್ನು ತಿರುಗಿಸುವುದನ್ನು ಮರೆತೆನಷ್ಟೇ ಟೀಚರ್" ಎಂದಳು. ಯಂತ್ರವು ಕೊಟ್ಟ ಅಂಕವು ಆಗ ಪಾಠವಾಯಿತು.

2016ರ ಜೂನ್ 18ರಂದು ಭಾರತದ ವಾಯುಸೇನೆಯ ಯುದ್ಧವಿಮಾನ ವಿಭಾಗವನ್ನು ಮೂವರು ಯುವತಿಯರು ಮೊದಲ ಬಾರಿಗೆ ಸೇರಿದರು. ಅವರು ಮುಂದಿನ ತರಬೇತಿಯನ್ನು ಪಡೆದ ಸ್ಥಳಗಳಲ್ಲಿ ನಮ್ಮ ಬೀದರವೂ ಒಂದು. ಆ ಮೂವರಲ್ಲಿ ಒಬ್ಬರ ಹೆಸರು ಅವನ್ನಿ ಎಂದಲ್ಲ, ಅವನಿ ಎಂದೇ: ಅವನಿ ಚತುರ್ವೇದಿ. 2018ರ ಫೆಬ್ರವರಿಯಲ್ಲಿ ಅವರು ಮಿಗ್-21 ವಿಮಾನವನ್ನು ಒಬ್ಬರೇ ಹಾರಿಸಿದರು. ಅವರ ಹೆಸರಿಗೂ ನಮ್ಮ ಊರಿನ ಹೆಸರಿಗೂ ಒಂದು ಮಾತ್ರೆಯ ಅಂತರ ಮಾತ್ರ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಉತ್ತರಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನವನ್ನು ನಡೆಸಿದವರೆಲ್ಲರೂ ಸ್ತ್ರೀಯರೇ. ಜೋಯಾ ಅಗರ್ವಾಲ್ ಅವರ ನಾಯಕಿ. ಇವರೆಲ್ಲರೂ ಮೊದಲ ದಿನ ನೂರಕ್ಕೆ ನೂರು ಪಡೆದು ಮೇಲೇರಿದವರಲ್ಲ. ತಿದ್ದಿಸಿಕೊಂಡು, ತಿದ್ದಿಕೊಂಡು ಮೇಲೇರಿದವರು.

ಅಭ್ಯಾಸದ ಪ್ರಶ್ನೆಗಳು

1. ಎತ್ತರದ ವ್ಯತ್ಯಾಸಗಳು +40, +40, −40, −40 ಅಡಿಗಳಾದರೆ ಸಾಧಾರಣ ಸರಾಸರಿಯೆಷ್ಟು? ವರ್ಗಗಳ ಸರಾಸರಿಯ ವರ್ಗಮೂಲವೆಷ್ಟು? ವಿನಾಯಿತಿಯು 50 ಅಡಿಯಾದರೆ ಅಂಕವೆಷ್ಟು? 30 ಅಡಿಯಾದರೆ?

2. ಡೈರಿಯ ಚೀಟಿಯಲ್ಲಿ ಅಳತೆ ಯಾವುದು, ನಿಯಮ ಯಾವುದು? ನಿಮ್ಮ ತ್ರೈಮಾಸಿಕ ಪರೀಕ್ಷೆಯ ಅಂಕಪಟ್ಟಿಯಲ್ಲಿ ಇವೆರಡನ್ನು ಬೇರ್ಪಡಿಸಿ ತೋರಿಸಿರಿ.

3. ರನ್‌ವೇಗೆ ಮೂರು ನಾವಿಕ ಮೈಲಿ ದೂರದಲ್ಲಿ ವಿಮಾನವು ಸುಮಾರು ಎಷ್ಟು ಎತ್ತರದಲ್ಲಿರಬೇಕು? ಅದು 1,800 ಅಡಿಯಲ್ಲಿದ್ದರೆ ನೀವೇನು ಮಾಡುವಿರಿ? ಕಾರಣ ಕೊಡಿರಿ.

4. ತಪ್ಪು ಮಾಡಿದ ಕೂಡಲೇ ತಿದ್ದುವುದು ಮೇಲೋ, ಪಾಠ ಮುಗಿದ ಬಳಿಕ ತಿದ್ದುವುದು ಮೇಲೋ? ನಿಮ್ಮ ಹೊಲಿಗೆಯ ಅಥವಾ ಸಂಗೀತದ ತರಗತಿಯ ಅನುಭವದಿಂದ ಉದಾಹರಣೆ ಕೊಟ್ಟು ಬರೆಯಿರಿ.